ನೂರ ನಲವತ್ತು ವರ್ಷ ಬದಲಾಗದ ಒಂದು ಕೌಂಟಿ

ಚುನಾವಣೆಗಳ ಇತಿಹಾಸವನ್ನು ಓದುವಾಗ ನಾವು ಮೊದಲು ಕೇಳುವ ಪ್ರಶ್ನೆ, ಗೆದ್ದವರು ಯಾರು ಎಂಬುದು. ಆದರೆ ಈ ಒಂದು ಪ್ರಶ್ನೆಯಿಂದಲೇ ಇತಿಹಾಸ ತಿಳಿಯುವುದಿಲ್ಲ. ಅಮೆರಿಕದ ಒಂದು ಪುಟ್ಟ ಗ್ರಾಮೀಣ ಪ್ರದೇಶ ಇದಕ್ಕೆ ಒಳ್ಳೆಯ ನಿದರ್ಶನ.

ಕೆಂಟಕಿ ರಾಜ್ಯದ ಪೂರ್ವ ಭಾಗದ ಗುಡ್ಡಗಾಡಿನಲ್ಲಿ ಎಲಿಯಟ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಆದರೆ ಎಲಿಯಟ್‌ನ ಜನಸಂಖ್ಯೆ ಏಳೆಂಟು ಸಾವಿರ ಮಾತ್ರ. 1869ರಲ್ಲಿ ರಚನೆಯಾದ ಈ ಕೌಂಟಿ, 1872ರಿಂದ 2012ರವರೆಗೆ ನಡೆದ 36 ಅಧ್ಯಕ್ಷ ಚುನಾವಣೆಗಳಲ್ಲಿಯೂ ಡೆಮಾಕ್ರಟಿಕ್ ಅಭ್ಯರ್ಥಿಗೇ ಹೆಚ್ಚು ಮತ ನೀಡಿತು. 1972ರಲ್ಲಿ ರಿಚರ್ಡ್ ನಿಕ್ಸನ್ 50 ರಾಜ್ಯಗಳ ಪೈಕಿ 49ರಲ್ಲಿ ಗೆದ್ದರು. ಆಗಲೂ ಇಲ್ಲಿನ ಶೇಕಡಾ 65ರಷ್ಟು ಮತಗಳು ಅವರ ಎದುರಾಳಿ ಜಾರ್ಜ್ ಮೆಕ್‌ಗವರ್ನ್ ಅವರಿಗೆ ಬಿದ್ದವು!

ಈ ನಿಷ್ಠೆ ಎಲ್ಲಿಂದ ಬಂತು? 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ನಂತರ ಕೆಂಟಕಿಯಲ್ಲಿ ದಕ್ಷಿಣದ ಪರವಾಗಿದ್ದವರು ಡೆಮಾಕ್ರಟರೊಡನೆ, ಒಕ್ಕೂಟದ ಪರವಾಗಿದ್ದವರಲ್ಲಿ ಹಲವರು ರಿಪಬ್ಲಿಕನ್ನರೊಡನೆ ನಿಂತರು. ಪಕ್ಷವೆಂಬುದು ತಂದೆಯಿಂದ ಮಗನಿಗೆ ಬರುವ ಜಮೀನಿನಂತಾಯಿತು. 1930ರ ದಶಕದಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ರೂಸ್ವೆಲ್ಟ್ ಅವರ ಸರ್ಕಾರ ಹೊಗೆಸೊಪ್ಪು ಬೆಳೆಗೆ ಮಿತಿ ಹಾಕಿ, ಬೆಲೆಗೆ ಆಸರೆ ಒದಗಿಸಿತು. ಸಣ್ಣ ರೈತರಿಗೆ ಪಕ್ಷದ ಹೆಸರು ಬದುಕಿನ ಭದ್ರತೆಯೊಡನೆ ಬೆಸೆದುಕೊಂಡಿತು.

ಈಗ ಅಂಕಿಗಳನ್ನು ಗಮನಿಸಿ. ಡೆಮಾಕ್ರಟಿಕ್ ಅಭ್ಯರ್ಥಿಗೆ 2004ರಲ್ಲಿ ಸುಮಾರು ಶೇಕಡಾ 70, 2008ರಲ್ಲಿ 61, 2012ರಲ್ಲಿ 49. ಮೂರು ಸಲವೂ ಗೆಲುವು ಅದೇ ಪಕ್ಷದ್ದು. ಆದರೆ ನೆಲ ಕುಸಿಯುತ್ತಲೇ ಇತ್ತು. 2016ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಶೇಕಡಾ 70 ಮತ ಪಡೆದರು. ಜಗತ್ತು ಅಚ್ಚರಿಪಟ್ಟಿತು. ಗೆದ್ದವರ ಹೆಸರನ್ನಷ್ಟೇ ನೋಡಿದವರಿಗೆ ಅದು ಅಚ್ಚರಿ; ಮತಪ್ರಮಾಣವನ್ನು ನೋಡಿದವರಿಗೆ ಅಲ್ಲ.

ಕಾರಣಗಳು ಹಲವು. ಹೊಗೆಸೊಪ್ಪಿನ ಬೆಂಬಲ ವ್ಯವಸ್ಥೆಯನ್ನು 2004ರ ಕಾಯಿದೆ ಕೊನೆಗೊಳಿಸಿತು. ಪೂರ್ವ ಕೆಂಟಕಿಯ ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಕರಗಿತು. ಗರ್ಭಪಾತ, ಬಂದೂಕಿನ ಹಕ್ಕುಗಳಂಥ ಪ್ರಶ್ನೆಗಳಲ್ಲಿ ರಾಷ್ಟ್ರೀಯ ಪಕ್ಷವೂ ಹಳ್ಳಿಯ ಮತದಾರರೂ ದೂರವಾದರು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಮತಪೆಟ್ಟಿಗೆ ಹೇಳುವುದಿಲ್ಲ; ಮತದಾನ ಗುಪ್ತವಾದುದು. ಅಂಕಿಗಳು ಏನಾಯಿತೆಂದು ತಿಳಿಸುತ್ತವೆ, ಏಕಾಯಿತೆಂದು ನಾವು ಹುಡುಕಬೇಕು.

ಇನ್ನೊಂದು ಸಂಗತಿ. 2019ರಲ್ಲಿ ಕೆಂಟಕಿಯ ಗವರ್ನರ್ ಹುದ್ದೆಗೆ ನಡೆದ ಚುನಾವಣೆಯಲ್ಲಿ ಇದೇ ಎಲಿಯಟ್ ಡೆಮಾಕ್ರಟಿಕ್ ಅಭ್ಯರ್ಥಿ ಆಂಡಿ ಬೆಷಿಯರ್ ಅವರಿಗೆ ಹೆಚ್ಚು ಮತ ನೀಡಿತು. ಮರುವರ್ಷ ಅಧ್ಯಕ್ಷ ಚುನಾವಣೆಯಲ್ಲಿ ಮತ್ತೆ ಟ್ರಂಪ್ ಕಡೆ ವಾಲಿತು. ಹಳೆಯ ನಿಷ್ಠೆ ಒಂದೇ ದಿನ ಹುಟ್ಟಲಿಲ್ಲ, ಒಂದೇ ದಿನ ಅಳಿಯಲೂ ಇಲ್ಲ.

ನಿಮ್ಮ ಕ್ಷೇತ್ರದ ಹತ್ತು ಚುನಾವಣೆಗಳ ಮತಪ್ರಮಾಣವನ್ನು ಸಾಲಾಗಿ ಬರೆದು ನೋಡಿ. ಬದಲಾವಣೆ ಎಂದು ಆರಂಭವಾಯಿತೆಂಬುದು ಸೋಲು ಗೆಲುವಿನ ಪಟ್ಟಿಯಲ್ಲಿ ಕಾಣದಿದ್ದರೂ ಆ ಸಾಲಿನಲ್ಲಿ ಕಂಡೀತು.