ಪ್ಲೇಗಿನ ಬಡಾವಣೆಗಳು, ಸೊಪ್ಪಿನ ಬೆಳಕು

ಮಲ್ಲೇಶ್ವರದ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳನ್ನು, ಬಸವನಗುಡಿಯ ಅಗಲ ರಸ್ತೆಗಳನ್ನು ಹಳೆಯ ಬೆಂಗಳೂರಿನ ಸೊಗಸೆಂದು ಮೆಚ್ಚುತ್ತೇವೆ. ಆ ಸೊಗಸಿನ ಹಿಂದೆ ಭಯವಿದೆ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಊರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಹೊರಟರು. ಗಾಳಿ ಬೆಳಕಿಗೆ ಜಾಗವಿದ್ದ ಈ ಬಡಾವಣೆಗಳು ಆಮೇಲೆ ಬೆಳೆದವು.

ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಹಾಫ್ಕಿನ್ ಅವರ ಲಸಿಕೆ 1897ರಲ್ಲಿ ಮುಂಬೈಯಲ್ಲಿ ಸಿದ್ಧವಾಗಿತ್ತು. ಆದರೆ ಬೀದಿಯಲ್ಲಿ ನಿಂತವರ ಕಣ್ಣಿಗೆ ಬೀಳುತ್ತಿದ್ದುದು ಸತ್ತ ಇಲಿ, ಕಂಕುಳಿನ ಗಡ್ಡೆ, ಅಷ್ಟೆ. ಸೋಂಕು ಯಾರಲ್ಲಿದೆ ಎಂದು ಬೇಗ ತಿಳಿಯುವ ದಾರಿಯಿಲ್ಲದೆ ಮನೆಮಂದಿಯನ್ನೆಲ್ಲ ಶಿಬಿರಕ್ಕೆ ಸಾಗಿಸುತ್ತಿದ್ದರು.

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು ಇಂದು ಕೈಹಾಕಿರುವುದು ಈ ಕೊರತೆಗೇ. ಸೊಪ್ಪಿನ ರಸವನ್ನು ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕೆಲವು ಗಂಟೆ ಕಾಯಿಸಿದರೆ 10 ನ್ಯಾನೋಮೀಟರಿಗಿಂತ ಚಿಕ್ಕ ಇಂಗಾಲದ ಕಣಗಳು ಸಿಗುತ್ತವೆ. ನೇರಳಾತೀತ ಬೆಳಕು ಬಿದ್ದರೆ ಅವು ನೀಲಿಯಾಗಿ, ಹಸಿರಾಗಿ ಹೊಳೆಯುತ್ತವೆ. ಧನ ವಿದ್ಯುದಂಶವಿರುವ ಕಣ ಬ್ಯಾಕ್ಟೀರಿಯಾದ ಋಣ ಹೊದಿಕೆಗೆ ಅಂಟಿಕೊಂಡು ಅದನ್ನು ತೋರಿಸಿಕೊಡುತ್ತದೆ. ಕೆಲವು ಕಣಗಳು ಬೆಳಕಿನಲ್ಲಿ ಆಮ್ಲಜನಕವನ್ನು ತೀಕ್ಷ್ಣಗೊಳಿಸಿ ಆ ಹೊದಿಕೆಯನ್ನೇ ಹರಿದು ಕೊಲ್ಲುತ್ತವೆ.

ಸೊಪ್ಪಿನಿಂದ ಬಂದದ್ದೆಂಬ ಕಾರಣಕ್ಕೆ ಇದು ನಿರಪಾಯವಲ್ಲ. ಬ್ಯಾಕ್ಟೀರಿಯಾಕ್ಕೆ ಅಂಟುವ ಕಣ ನಮ್ಮ ಜೀವಕೋಶಕ್ಕೂ ಅಂಟಬಹುದು. ಎಲೆ, ಋತು, ಮಣ್ಣು ಬದಲಾದರೆ ಕಣದ ಗುಣವೂ ಬದಲಾಗುತ್ತದೆ. ಹೀಗಾಗಿ ಮೈಯೊಳಗೆ ಕೊಲ್ಲುವ ಕೆಲಸಕ್ಕೆ ಬಹಳ ಎಚ್ಚರ ಬೇಕು. ಒಂದು ಹನಿ ನೀರಿನಲ್ಲೋ ಕಫದಲ್ಲೋ ಬ್ಯಾಕ್ಟೀರಿಯಾವನ್ನು ತೋರಿಸುವ ಕೆಲಸ ಅದಕ್ಕಿಂತ ಹತ್ತಿರದ್ದು. 1898ರಲ್ಲಿ ಲಸಿಕೆ ಇದ್ದೂ ಊರು ಚದುರಿದ್ದನ್ನು ನೆನೆದರೆ, ನಾನು ಮೊದಲು ಬೆಲೆ ಕೊಡುವುದು ತೋರಿಸುವ ಕಣಕ್ಕೇ.