ಬಹುಮತ ಮತ್ತು ಅಂತಃಸಾಕ್ಷಿ

ಧರ್ಮಸ್ವಾತಂತ್ರ್ಯವನ್ನು ಕಸಿಯುವವನು ಕ್ರೂರಿಯಾದ ಅರಸನೇ ಆಗಬೇಕೆಂದಿಲ್ಲ. ಪ್ರಜೆಗಳೇ ಪ್ರಭುಗಳಾದ ದೇಶದಲ್ಲಿಯೂ, ಸಜ್ಜನರ ಕೈಯಿಂದಲೇ, ರಾಷ್ಟ್ರದ ಐಕ್ಯದ ಹೆಸರಿನಲ್ಲಿ ಅದು ಕ್ಷಯಿಸಬಲ್ಲದು. ಅಮೆರಿಕದ ಒಂದು ಪ್ರಸಂಗ ಇದಕ್ಕೆ ನಿದರ್ಶನ.

ಪೆನ್ಸಿಲ್ವೇನಿಯಾ ರಾಜ್ಯದ ಮೈನರ್ಸ್‌ವಿಲ್ ಪಟ್ಟಣದಲ್ಲಿ ಗೊಬೈಟಿಸ್ ಎಂಬ ದಿನಸಿ ವ್ಯಾಪಾರಿಯ ಕುಟುಂಬವು ‘ಯೆಹೋವನ ಸಾಕ್ಷಿಗಳು’ ಎಂಬ ಚಿಕ್ಕ ಕ್ರೈಸ್ತ ಪಂಥಕ್ಕೆ ಸೇರಿತ್ತು. ಧ್ವಜಕ್ಕೆ ವಂದಿಸುವುದು ವಿಗ್ರಹವಂದನೆಗೆ ಸಮಾನವೆಂಬುದು ಆ ಪಂಥದ ನಂಬಿಕೆ. ಆದುದರಿಂದ ೧೨ ವರ್ಷದ ಮಗಳೂ ೧೦ ವರ್ಷದ ಮಗನೂ ಶಾಲೆಯಲ್ಲಿ ಧ್ವಜವಂದನೆಗೆ ಒಪ್ಪಲಿಲ್ಲ. ೧೯೩೫ರಲ್ಲಿ ಇಬ್ಬರನ್ನೂ ಶಾಲೆಯಿಂದ ಹೊರಹಾಕಲಾಯಿತು.

ಕೆಳಗಿನ ನ್ಯಾಯಾಲಯಗಳು ಮಕ್ಕಳ ಪರವಾಗಿ ತೀರ್ಪಿತ್ತರೂ, ಸರ್ವೋಚ್ಚ ನ್ಯಾಯಾಲಯವು ೧೯೪೦ರ ಜೂನ್ ೩ರಂದು ಎಂಟಕ್ಕೆ ಒಂದರ ಬಹುಮತದಿಂದ ಶಾಲಾ ಮಂಡಳಿಯ ಕ್ರಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ದುಷ್ಟರಲ್ಲ. ವಿಯೆನ್ನಾದಿಂದ ಬಾಲ್ಯದಲ್ಲಿ ವಲಸೆ ಬಂದ ಯಹೂದಿ, ನಾಗರಿಕ ಹಕ್ಕುಗಳ ಪಕ್ಷಪಾತಿ. ಯೂರೋಪಿನಲ್ಲಿ ಯುದ್ಧ ಹಬ್ಬಿದ್ದ ಕಾಲದಲ್ಲಿ, ರಾಷ್ಟ್ರದ ಏಕತೆಯೇ ಭದ್ರತೆಯ ತಳಹದಿಯೆಂದು ಅವರು ಬಗೆದರು. ಹಾರ್ಲನ್ ಸ್ಟೋನ್ ಒಬ್ಬರೇ ಭಿನ್ನಮತ ದಾಖಲಿಸಿದರು.

ತೀರ್ಪಿನ ಬೆನ್ನಲ್ಲೇ ಹಲವು ರಾಜ್ಯಗಳಲ್ಲಿ ಆ ಪಂಥದವರ ಮೇಲೆ ಗುಂಪುಗಳು ಎರಗಿದವು. ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಸಭಾಗೃಹಕ್ಕೆ ಬೆಂಕಿಯಿಡಲಾಯಿತು. ನ್ಯಾಯಾಲಯವು ಹಿಂಸೆಯನ್ನು ಬಯಸಿರಲಿಲ್ಲ. ಆದರೆ ಅಲ್ಪಸಂಖ್ಯಾತರ ಅಂತಃಸಾಕ್ಷಿಗೆ ಕಾನೂನಿನಲ್ಲಿ ಬೆಲೆಯಿಲ್ಲವೆಂದಾಗ ಉದ್ರಿಕ್ತರು ಅದನ್ನೇ ಅಪ್ಪಣೆಯೆಂದು ತಿಳಿದರು. ಕೃತ, ಕಾರಿತ, ಅನುಮೋದನ ಎಂಬ ಹಿಂಸೆಯ ಮೂರು ಬಗೆಗಳನ್ನು ಬಲ್ಲ ಶ್ರಾವಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೂ ಆ ಪ್ರಜಾಪ್ರಭುತ್ವಕ್ಕೆ ತನ್ನನ್ನು ತಿದ್ದಿಕೊಳ್ಳುವ ಶಕ್ತಿಯಿತ್ತು. ೧೯೪೨ರಲ್ಲಿ, ಬಹುಮತದೊಡನಿದ್ದ ಮೂವರು ನ್ಯಾಯಮೂರ್ತಿಗಳು ಹಿಂದಿನ ತೀರ್ಪು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ೧೯೪೩ರ ಜೂನ್ ೧೪ರಂದು, ಯುದ್ಧ ನಡೆಯುತ್ತಿರುವಾಗಲೇ, ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಆರಕ್ಕೆ ಮೂರರ ಬಹುಮತದಿಂದ ತನ್ನ ತೀರ್ಪನ್ನೇ ರದ್ದುಪಡಿಸಿತು. ಮೂಲಭೂತ ಹಕ್ಕುಗಳು ಚುನಾವಣೆಯ ಮತಗಳಿಂದ ನಿರ್ಧಾರವಾಗತಕ್ಕವಲ್ಲ ಎಂಬುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರು ಬರೆದ ಆ ತೀರ್ಪಿನ ಸಾರ.

ಭಾರತದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ೧೯೮೫ರಲ್ಲಿ ಕೇರಳದ ಶಾಲೆಯೊಂದು ಅದೇ ಪಂಥದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ೧೯೮೬ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ ೧೯ ಮತ್ತು ೨೫ನೆಯ ವಿಧಿಗಳನ್ನು ಆಧರಿಸಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಒಂದು ನಂಬಿಕೆ ನ್ಯಾಯಾಧೀಶರ ಬುದ್ಧಿಗೆ ಒಪ್ಪುವುದೇ ಎಂಬುದಲ್ಲ, ಅದು ಪ್ರಾಮಾಣಿಕವೇ ಎಂಬುದೇ ಮುಖ್ಯವೆಂದು ಅದು ತಿಳಿಸಿತು.

ಪರರ ಮಕ್ಕಳಿಗಾಗಿ ನುಡಿದ ಈ ಮಾತಿನ ಬೆಲೆ ಜೈನ ಸಮಾಜಕ್ಕೆ ತಿಳಿದದ್ದು ೨೯ ವರ್ಷಗಳ ಅನಂತರ. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಧರ್ಮದ ಅವಶ್ಯಕ ಅಂಗವೆಂದು ಒಪ್ಪದೆ, ಅಪರಾಧವೆಂದು ಪರಿಗಣಿಸಲು ಆದೇಶಿಸಿತು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಲೇ ಶಾಸನಸ್ಥವಾದ ವ್ರತವಿದು. ಶ್ರಾವಕರು ಮೌನ ಮೆರವಣಿಗೆಗಳಲ್ಲಿ ನಡೆದರು; ಆಗಸ್ಟ್ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು.

ಅನೇಕಾಂತವು ಸ್ವಾಧ್ಯಾಯಕ್ಕಷ್ಟೇ ಮೀಸಲಾದ ತತ್ತ್ವವಲ್ಲ. ತಮಗೆ ಸರಿಯೆನಿಸದ ನಂಬಿಕೆಯವನೂ ನಿರ್ಭಯನಾಗಿ ಬಾಳಲೆಂದು ಬಯಸುವುದೇ ಅದರ ಆಚರಣೆ. ನೆರೆಯ ಚಿಕ್ಕ ಸಮುದಾಯದ ಹಕ್ಕು ಕುಗ್ಗುವಾಗ ಬಸದಿಗಳೂ ಸಮಾಜದ ಹಿರಿಯರೂ ಸುಮ್ಮನಿದ್ದರೆ, ಆ ಮೌನವೂ ಅನುಮೋದನೆಯೇ ಆಗುತ್ತದೆ.