ಖೋಟ್ಲಾ: ದೊಡ್ಡಿಯ ಪಕ್ಕದಿಂದ ಮಂತ್ರಿಮಂಡಲದವರೆಗೆ

ಬೊಟ್ಸ್ವಾನಾದ ರಾಜಧಾನಿ ಗಾಬರೋನೆಯಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಮೊಚುಡಿ ಸಿಗುತ್ತದೆ. ತ್ಸ್ವಾನಾ ಜನರಲ್ಲಿ ಬಕಟ್ಲಾ ಎಂಬ ಪಂಗಡದವರು 1871ರಲ್ಲಿ ಬಂದು ನೆಲೆನಿಂತ ಊರು ಇದು. ಪ್ರವಾಸಿಗರು ಮೊದಲು ಹತ್ತುವುದು ಫುತಾದಿಕೋಬೊ ಗುಡ್ಡವನ್ನು. 1920ರ ದಶಕದ ಮೊದಲಲ್ಲಿ ಊರಿನವರೇ ದುಡಿದು ಕಟ್ಟಿದ ಶಾಲೆ ಅದರ ನೆತ್ತಿಯ ಮೇಲಿದೆ. 1976ರಿಂದ ಅದು ವಸ್ತುಸಂಗ್ರಹಾಲಯ. ನೋಡಲೇಬೇಕಾದ ಜಾಗ, ಒಪ್ಪುತ್ತೇನೆ. ಆದರೆ ಈ ಊರಿನ ಜೀವ ತಿಳಿಯಬೇಕಿದ್ದರೆ ಗುಡ್ಡ ಇಳಿದು, ಅದರ ಬುಡದಲ್ಲಿರುವ ಖೋಟ್ಲಾಕ್ಕೆ ಬರಬೇಕು.

ಕಣ್ಣಿಗೆ ಕಾಣುವುದು ಇಷ್ಟೇ: ಮರದ ದಪ್ಪ ಕಾಂಡಗಳನ್ನು ಒಂದಕ್ಕೊಂದು ಒತ್ತಿ ನೆಲಕ್ಕೆ ನೆಟ್ಟ ಅರೆಚಂದ್ರಾಕಾರದ ಬೇಲಿ. ಕಾಂಡಗಳನ್ನು ಕೆತ್ತಿ ನೇರ ಮಾಡಿಲ್ಲ. ಮರ ಹೇಗೆ ಡೊಂಕಾಗಿ ಬೆಳೆದಿತ್ತೋ ಹಾಗೆಯೇ ನಿಂತಿವೆ. ಬಿಸಿಲು ಮಳೆಗೆ ಬಣ್ಣ ಬೂದಿಗೆ ತಿರುಗಿದೆ. ಬೇಲಿಯ ಪಕ್ಕದಲ್ಲೇ ದನದ ದೊಡ್ಡಿ. ತ್ಸ್ವಾನಾ ಅರಸನಿಗೆ ಖೋಸಿ ಎಂದು ಹೆಸರು. ಸತ್ತ ಖೋಸಿಯನ್ನು ದೊಡ್ಡಿಯ ನೆಲದಲ್ಲಿಯೇ ಹೂಳುವುದು ಹಳೆಯ ಪದ್ಧತಿ. ಹಿರಿಯರ ಸಮಾಧಿ, ಊರಿನ ಸಂಪತ್ತು, ಊರಿನ ಮಾತು ಮೂರೂ ಒಂದೇ ಕಡೆ.

ಈ ಜಾಗದ ಹೆಸರು ಖೋಟ್ಲಾ. ಅಲ್ಲಿ ನಡೆಯುವ ಸಭೆಗೂ ಅದೇ ಹೆಸರು, ಸಭೆ ಕೊಡುವ ನ್ಯಾಯದ ಪೀಠಕ್ಕೂ ಅದೇ. ನಮ್ಮ ಚಾವಡಿಯಲ್ಲೂ ನ್ಯಾಯ ಪಂಚಾಯ್ತಿ ನಡೆಯುತ್ತಿತ್ತಲ್ಲ ಎಂದು ಹೋಲಿಸಿಕೊಂಡರೆ ಅರ್ಧ ದಾರಿ ಸಾಗಿದಂತೆ. ಖೋಟ್ಲಾ ಇನ್ನೂ ಮುಂದೆ ಹೋಗುತ್ತದೆ: ಅದು ಕೇರಿಯ ಹೆಸರೂ ಹೌದು. ತ್ಸ್ವಾನಾ ಜನ ಹಿಂದಿನಿಂದಲೂ ದೊಡ್ಡ ಊರು ಕಟ್ಟಿಕೊಂಡು ಒಟ್ಟಿಗೆ ಬದುಕಿದವರು. ಹೊಲ ಒಂದು ಕಡೆ, ದನ ಮೇಯುವ ನೆಲೆ ಮತ್ತೆಲ್ಲೋ ದೂರದಲ್ಲಿ, ಮನೆ ಮಾತ್ರ ಊರಿನಲ್ಲಿ. ಅಂಥ ಊರಿನೊಳಗೆ ಹತ್ತಿರದ ಬಳಗದ ಮನೆಗಳು ಲಾಳದ ಆಕಾರದಲ್ಲಿ ಗುಂಪುಗೂಡಿ, ನಡುವೆ ತಮ್ಮದೊಂದು ಸಣ್ಣ ಖೋಟ್ಲಾ ಇಟ್ಟುಕೊಳ್ಳುತ್ತವೆ. ಒಬ್ಬ ಯಾವ ಖೋಟ್ಲಾದವನು ಎಂದು ಕೇಳಿದರೆ ಅವನ ಮನೆ, ಹಿರಿಯ, ನೆಂಟಸ್ತಿಕೆ ಎಲ್ಲವನ್ನೂ ಕೇಳಿದ ಹಾಗೆ. ಜಗಳ ಮೊದಲು ಅಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ಮೇಲಿನ ಖೋಟ್ಲಾ, ಕೊನೆಗೆ ಖೋಸಿಯದು. ಈ ಏರ್ಪಾಡನ್ನು ಮಾನವಶಾಸ್ತ್ರಜ್ಞ ಐಸಾಕ್ ಶಪೇರಾ 1929ರಿಂದ ಮೊಚುಡಿಯಲ್ಲೇ ಕೂತು ಕಲಿತರು. ತ್ಸ್ವಾನಾ ಕಾನೂನು ಕಟ್ಟಳೆಗಳ ಬಗ್ಗೆ 1938ರಲ್ಲಿ ಅವರು ತಂದ ಪುಸ್ತಕ ಇಂದಿಗೂ ಆ ವಿಷಯಕ್ಕೆ ಆಧಾರ.

ಪದ ಹೊರಜಗತ್ತಿಗೆ ಹೋದದ್ದು ಇದಕ್ಕಿಂತ ಬಹಳ ಮೊದಲು. ಡೇವಿಡ್ ಲಿವಿಂಗ್‌ಸ್ಟನ್ 1857ರ ತನ್ನ ಪ್ರವಾಸ ಕಥನದಲ್ಲಿ ಇದನ್ನು ‘ಕೋಟ್ಲಾ’ ಎಂದು ಬರೆದ. ಗಂಟಲಿನಾಳದಿಂದ ಉಜ್ಜಿಕೊಂಡು ಬರುವ ಮೊದಲ ಸದ್ದು ಅವನ ಬರವಣಿಗೆಯಲ್ಲಿ ಸಾದಾ ಕಕಾರವಾಗಿ ಹೋಯಿತು. ಅದಕ್ಕಿಂತ ದೊಡ್ಡ ಸಂಗತಿ, ತ್ಸ್ವಾನಾ ನಾಡು ದಾಟಿ ಉತ್ತರದ ಬಲೋಂಡಾ ಜನರಲ್ಲಿಗೆ ಹೋದಾಗ, ದೊರೆ ಶಿಂಟೆ ಮರದಡಿ ಕೂತಿದ್ದ ಬಯಲನ್ನೂ ಅವನು ಕೋಟ್ಲಾ ಎಂದೇ ಕರೆದ. ಆ ಜನರ ನುಡಿಯೇ ಬೇರೆ. ಒಬ್ಬ ಪ್ರವಾಸಿಯ ಬಾಯಿಗೆ ರೂಢಿಯಾದ ಮಾತು ಹೀಗೆ ತನ್ನದಲ್ಲದ ಊರಿಗೂ ಹಬ್ಬಿತು.

ಖೋಟ್ಲಾಕ್ಕೆ ತ್ಸ್ವಾನಾ ಜನರ ನುಡಿಯಾದ ಸೆತ್ಸ್ವಾನಾದಲ್ಲಿ ಎರಡು ಗಾದೆ ಅಂಟಿಕೊಂಡಿವೆ. ‘ಮಾಫೊಕೊ ಅ ಖೋಟ್ಲಾ ಅ ಮಾಂಟ್ಲೆ ಓಟ್ಲೆ’: ಖೋಟ್ಲಾದಲ್ಲಿ ಆಡಿದ ಮಾತೆಲ್ಲ ಒಳ್ಳೆಯದೇ, ಆಡುವವನನ್ನು ತಡೆಯಬಾರದು. ‘ಖೋಸಿ ಕೆ ಖೋಸಿ ಕಾ ಮೊರಾಫೆ’: ಜನ ಇದ್ದರೆ ತಾನೆ ಅರಸ ಅರಸ. ಈ ಎರಡನೆಯ ಮಾತು ಬರಿಯ ಅಲಂಕಾರವಲ್ಲ ಎಂಬುದಕ್ಕೆ ಸೆರೋವೆ ಊರಿನ ಖೋಟ್ಲಾ ಸಾಕ್ಷಿ. ಬಂಗ್ವಾಟೋ ಪಂಗಡದ ಉತ್ತರಾಧಿಕಾರಿ ಸೆರೆತ್ಸೆ ಖಾಮಾ 1948ರಲ್ಲಿ ಲಂಡನ್ನಿನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹೆಣ್ಣನ್ನು ಮದುವೆಯಾದ. ಚಿಕ್ಕಪ್ಪ ತ್ಶೆಕೆದಿಗೆ ಒಪ್ಪಿಗೆಯಿಲ್ಲ. ಸಭೆಯ ಮೇಲೆ ಸಭೆ ಸೇರಿತು. ಮೊದಲು ವಿರೋಧವೇ ಹೆಚ್ಚು. 1949ರ ಜೂನ್ ಸಭೆಯಲ್ಲಿ ತನ್ನ ಪರ ಯಾರಿದ್ದೀರಿ ಎಂದು ಸೆರೆತ್ಸೆ ಕೇಳಿದಾಗ ಸಾವಿರಾರು ಮಂದಿ ಎದ್ದು ನಿಂತರು. ಬ್ರಿಟಿಷ್ ಸರ್ಕಾರ ಅದಕ್ಕೆ ಬೆಲೆ ಕೊಡದೆ ಅವನನ್ನು ನಾಡಿನಿಂದ ಹೊರಗಿಟ್ಟಿತು. 1950ರ ಮಾರ್ಚ್‌ನಲ್ಲಿ ಹೈಕಮಿಷನರ್ ಈವ್ಲಿನ್ ಬೇರಿಂಗ್ ಆ ತೀರ್ಮಾನವನ್ನು ಸಾರಲು ಸೆರೋವೆಗೆ ಬಂದಾಗ ಜನ ಖೋಟ್ಲಾಕ್ಕೆ ಬರಲೇ ಇಲ್ಲ. ಅಧಿಕಾರಿ ಇದ್ದ, ಆಜ್ಞೆ ಇತ್ತು, ಕೇಳುವವರಿಲ್ಲ. ನನ್ನ ಮಟ್ಟಿಗೆ ಈ ಪದಕ್ಕೆ ಸಿಕ್ಕಿರುವ ಅತ್ಯುತ್ತಮ ವಿವರಣೆ ಆ ಗೈರುಹಾಜರಿ. ಮುಂದೆ 1966ರಲ್ಲಿ ದೇಶ ಸ್ವತಂತ್ರವಾದಾಗ ಅದೇ ಸೆರೆತ್ಸೆ ಮೊದಲ ಅಧ್ಯಕ್ಷರಾದರು.

ದಕ್ಷಿಣ ಆಫ್ರಿಕಾದಲ್ಲಿ ಇದೇ ಪದ ಲೆಖೋಟ್ಲಾ ಎಂಬ ರೂಪದಲ್ಲಿ ಬೇರೆ ಹಾದಿ ಹಿಡಿಯಿತು. 1970ರ ದಶಕದ ಸೊವೆಟೊದಲ್ಲಿ ಅದರ ಬಹುವಚನ ಮಖೋಟ್ಲಾ, ಛಡಿಯೇಟಿನ ಶಿಕ್ಷೆ ಕೊಡುತ್ತಿದ್ದ ಖಾಸಗಿ ನ್ಯಾಯಕೂಟಗಳಿಗೆ ಹೆಸರಾಯಿತು. ಈಗ ಮಂತ್ರಿಮಂಡಲ ಸೇರಿ ವರ್ಷದ ಯೋಜನೆ ಹಾಕಿಕೊಳ್ಳುವ ಸಭೆಗೆ, ಕಂಪನಿಗಳ ಹಿರಿಯ ಅಧಿಕಾರಿಗಳ ಬೈಠಕ್ಕಿಗೆ ಲೆಖೋಟ್ಲಾ ಎನ್ನುತ್ತಾರೆ. ಬಾಗಿಲು ಹಾಕಿಕೊಂಡು ಮಾತಾಡುವುದಕ್ಕೆ ಈ ಹೆಸರು ನನಗೆ ಒಪ್ಪಿಗೆಯಾಗುವುದಿಲ್ಲ. ಪದದ ಹುಟ್ಟೇ ಬಯಲಿನಲ್ಲಿ.

ಬೊಟ್ಸ್ವಾನಾದಲ್ಲಿ ಅದಿನ್ನೂ ಬಯಲಿನಲ್ಲೇ ಇದೆ. ಸರ್ಕಾರ ಹೊಸ ಯೋಜನೆಯೊಂದನ್ನು ಜನರ ಮುಂದಿಡಬೇಕಾದರೆ ಮಂತ್ರಿಗಳು ಖೋಟ್ಲಾಕ್ಕೆ ಬರುತ್ತಾರೆ. ಪಕ್ಷಗಳ ಚುನಾವಣಾ ಭಾಷಣಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೆ ‘ಫ್ರೀಡಂ ಸ್ಕ್ವೇರ್’ ಎಂಬ ಬೇರೆ ಮೈದಾನ. ಒಳಗೆ ಕಾಲಿಡುವ ಗಂಡಸರು ಟೋಪಿ ತೆಗೆಯುತ್ತಾರೆ. ಪ್ಯಾಂಟು ತೊಟ್ಟ ಹೆಂಗಸರನ್ನು ಹಲವು ಊರುಗಳಲ್ಲಿ ಬಿಡುವುದಿಲ್ಲ. ಹಿಂದೆ ಗಂಡಸರದ್ದೇ ಆಗಿದ್ದ ಈ ಅಂಗಳದಲ್ಲಿ ಈಗ ಹೆಂಗಸರು ಮಾತಾಡುತ್ತಾರೆ. ರಮೋಟ್ಸ್ವಾ ಊರಿನ ಬಲೇಟೆ ಪಂಗಡ 2003ರಲ್ಲಿ ಮೊಸಾದಿ ಸೆಬೋಕೊ ಅವರನ್ನು ಖೋಸಿಯ ಪಟ್ಟಕ್ಕೆ ಕೂರಿಸಿತು.

ಹಿರಿಯರು ಸಭೆಗೆ ಹೊತ್ತು ತರುವ, ಹಸಿತೊಗಲಿನ ಪಟ್ಟಿ ಹೆಣೆದ ತಗ್ಗು ಮರದ ಕುರ್ಚಿಗೂ ‘ಖೋಟ್ಲಾ ಕುರ್ಚಿ’ ಎಂಬ ಹೆಸರು ಬಿದ್ದು, ಅದು ಕರಕುಶಲ ಅಂಗಡಿಗಳಲ್ಲಿ ಮಾರಾಟಕ್ಕಿದೆ. ಕೊಳ್ಳುವವರು ಕೊಳ್ಳಲಿ. ಮೊಚುಡಿಗೆ ಹೋಗುವವರು ಮಾತ್ರ ಬೇಲಿಯ ಫೋಟೊ ತೆಗೆದು ಹೊರಡದೆ, ಅಲ್ಲಿಯವರ ಅನುಮತಿ ಕೇಳಿ, ಸಭೆ ಸೇರುವ ದಿನ ತಿಳಿದುಕೊಂಡು ಹೋಗಲಿ.